ಸಿಎಫ್‌ಎಲ್‌ಗೆ ಹತ್ತನೇ ತಂಡ ಯಾಕೆ ಬರುತ್ತಿಲ್ಲ? ಲೀಗ್ ಬೆಳೆಯುವುದಾದರೆ ಎಲ್ಲಿಂದ?

ಅಂಚುಗೆರೆ (ಪ್ರಶ್ನೆ):

ಕೆನಡಿಯನ್ ಫುಟ್‌ಬಾಲ್ ಲೀಗ್ (ಸಿಎಫ್‌ಎಲ್; ಇದು ಸಾಕರ್ ಅಲ್ಲ, ಅಮೆರಿಕನ್ ಫುಟ್‌ಬಾಲ್‌ಗೆ ಹತ್ತಿರದ ಆಟ) 1958ರಲ್ಲಿ ಶುರುವಾದಾಗ ಇದ್ದದ್ದು ಒಂಬತ್ತು ತಂಡ. ಇವತ್ತೂ ಒಂಬತ್ತೇ. ನಡುವೆ ಅಮೆರಿಕಕ್ಕೆ ಹೋಗಿ ವಾಪಸ್ ಬಂತು, ಆಟವಾ ತಂಡ ಎರಡು ಸಲ ಮುಚ್ಚಿ ಮೂರನೇ ಸಲ ಹುಟ್ಟಿತು, ಅಟ್ಲಾಂಟಿಕ್ ತೀರದ ಹ್ಯಾಲಿಫ್ಯಾಕ್ಸ್ ಊರಿನ ಹೆಸರು 1982ರಿಂದ ಕೇಳಿಬರುತ್ತಲೇ ಇದೆ. ಅದೇ ಅವಧಿಯಲ್ಲಿ ಗಡಿಯಾಚೆ ಅಮೆರಿಕದ ಲೀಗ್ ಎನ್‌ಎಫ್‌ಎಲ್ 32 ತಂಡಕ್ಕೆ ಬೆಳೆದು ನಿಂತಿದೆ.

ಗೊತ್ತಿರುವವರು ಬಿಡಿಸಿ ಹೇಳಬೇಕು. ಹತ್ತನೇ ತಂಡಕ್ಕೆ ನಿಜವಾಗಿ ಅಡ್ಡಿ ಏನು, ಹಣವೋ ಜನವೋ ಮೈದಾನವೋ? ಹತ್ತನೆಯದು ಬಂದರೆ ಲೀಗ್‌ಗೆ ಆಗುವ ಲಾಭವಾದರೂ ಏನು? 2027ರಿಂದ ಮೈದಾನವನ್ನೇ ಚಿಕ್ಕದು ಮಾಡುತ್ತಾರಲ್ಲ, ಅದಕ್ಕೂ ಬೆಳವಣಿಗೆಗೂ ಸಂಬಂಧ ಇದೆಯೇ?

ಮೂರನೇಡೌನ್:

ಮೊದಲು ಲಾಭದ ಲೆಕ್ಕ ನೋಡೋಣ, ಆಮೇಲೆ ಅಡ್ಡಿಗೆ ಬರೋಣ.

ಒಂಬತ್ತು ತಂಡ, ತಲಾ 18 ಪಂದ್ಯ ಎಂದರೆ ಒಟ್ಟು 81 ಪಂದ್ಯ. ಇದನ್ನು 21 ವಾರಕ್ಕೆ ಹಂಚಬೇಕು. ತಂಡಗಳ ಸಂಖ್ಯೆ ಬೆಸ ಆಗಿರುವುದರಿಂದ ಯಾವ ವಾರವೂ ಎಲ್ಲರೂ ಒಟ್ಟಿಗೆ ಆಡಲಾಗದು, ಒಬ್ಬರಾದರೂ ಮನೆಯಲ್ಲಿ ಕೂರಲೇಬೇಕು. ವಾರಕ್ಕೆ ಹೆಚ್ಚೆಂದರೆ ನಾಲ್ಕು ಪಂದ್ಯ. 18 ವಾರ ನಾಲ್ಕು ನಾಲ್ಕು, ಉಳಿದ ಮೂರು ವಾರ ಮೂರು ಮೂರು ಆಡಿಸಿದರೆ 81 ಮುಗಿಯುತ್ತದೆ, ಪ್ರತಿ ತಂಡಕ್ಕೂ ಮೂರು ವಾರ ಬಿಡುವು ಬೀಳುತ್ತದೆ. ಹತ್ತು ತಂಡ ಆದರೆ ಪಂದ್ಯ 90, ವಾರಕ್ಕೆ ಐದು. ಟಿವಿಗೆ ಮಾರಲು ಒಂಬತ್ತು ಪಂದ್ಯ ಹೆಚ್ಚು ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಬಿಡುವು ಕಡಿಮೆ ಮಾಡಿ ಋತುವನ್ನು ಎರಡು ವಾರ ಮೊದಲೇ ಮುಗಿಸಬಹುದು. ಪ್ರಶಸ್ತಿ ನಿರ್ಧರಿಸುವ ಗ್ರೇ ಕಪ್ ಫೈನಲ್ ನವೆಂಬರ್ ಮಧ್ಯದಲ್ಲಿ ನಡೆಯುವ ಲೀಗ್‌ಗೆ ಎರಡು ವಾರ ಅಂದರೆ ಸಣ್ಣ ಮಾತಲ್ಲ. ರೆಜೈನಾ, ವಿನಿಪೆಗ್‌ನಂಥ ಊರುಗಳಲ್ಲಿ ತೆರೆದ ಸ್ಟ್ಯಾಂಡಿನಲ್ಲಿ ಮೂರು ಗಂಟೆ ಕೂರುವ ಚಳಿಯಾ ಅಲ್ಲವಾ ಎಂಬುದನ್ನು ಆ ಎರಡು ವಾರವೇ ತೀರ್ಮಾನಿಸುತ್ತದೆ.

ಇನ್ನೊಂದು ಲಾಭ ವಿಭಾಗಗಳ ಸಮತೋಲನ. ಈಗ ಪಶ್ಚಿಮದಲ್ಲಿ ಐದು (ಬಿಸಿ ಅಂದರೆ ವ್ಯಾಂಕೂವರ್‌ನ ಬ್ರಿಟಿಷ್ ಕೊಲಂಬಿಯಾ ಲಯನ್ಸ್, ಕ್ಯಾಲ್ಗರಿ, ಎಡ್ಮಂಟನ್, ಸಸ್ಕ್ಯಾಚೆವಾನ್, ವಿನಿಪೆಗ್), ಪೂರ್ವದಲ್ಲಿ ನಾಲ್ಕು (ಟೊರಾಂಟೊ, ಹ್ಯಾಮಿಲ್ಟನ್, ಆಟವಾ, ಮಾಂಟ್ರಿಯಲ್). ಪಶ್ಚಿಮದ ನಾಲ್ಕನೇ ತಂಡ ಪೂರ್ವದ ಮೂರನೆಯದಕ್ಕಿಂತ ಹೆಚ್ಚು ಅಂಕ ಗಳಿಸಿದ್ದರೆ ಅದು ಪೂರ್ವದ ಪ್ಲೇಆಫ್‌ಗೆ ಬಂದು ಆಡುತ್ತದೆ. ಕ್ರಾಸ್‌ಓವರ್ ಅನ್ನುವುದು ಇದನ್ನೇ. 1996ರಿಂದ ಈ ನಿಯಮ ಇದೆ, ಆದರೆ ಹಾಗೆ ದಾಟಿ ಬಂದ ಒಂದು ತಂಡವೂ ಗ್ರೇ ಕಪ್ ಫೈನಲ್ ತಲುಪಿಲ್ಲ. ಅಟ್ಲಾಂಟಿಕ್ ತೀರದಲ್ಲಿ ಒಂದು ತಂಡ ಬಂದರೆ ಐದು–ಐದು ಆಗಿ ಈ ತೇಪೆಯ ಅಗತ್ಯ ಕಡಿಮೆಯಾಗುತ್ತದೆ.

ಈಗ ಅಡ್ಡಿ. ಒಂದೇ ಮಾತಲ್ಲಿ ಹೇಳುವುದಾದರೆ ಮೈದಾನ. ಹಣವಂತ ಮಾಲೀಕರು ಮುಂದೆ ಬಂದ ಉದಾಹರಣೆ ಇದೆ, ಟಿಕೆಟ್ ಕೊಳ್ಳುವ ಜನರೂ ಇದ್ದಾರೆ. 2023ರ ಜುಲೈನಲ್ಲಿ ಹ್ಯಾಲಿಫ್ಯಾಕ್ಸ್‌ನ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದ ಮೈದಾನದಲ್ಲಿ ತಾತ್ಕಾಲಿಕ ಆಸನ ಹಾಕಿ ಟೊರಾಂಟೊ–ಸಸ್ಕ್ಯಾಚೆವಾನ್ ಪಂದ್ಯ ಆಡಿಸಿದಾಗ 11 ಸಾವಿರಕ್ಕೂ ಹೆಚ್ಚು ಜನ ಬಂದರು. ಮಾಂಕ್ಟನ್‌ನಲ್ಲಿ 2010, 2011, 2013, 2019ರಲ್ಲಿ ಇಂಥದ್ದೇ ಪ್ರದರ್ಶನ ಆಗಿದೆ. ಆದರೆ ವರ್ಷಕ್ಕೊಂದು ಪಂದ್ಯ ತುಂಬಿಸುವುದು ಬೇರೆ, ಒಂಬತ್ತು ತವರು ಪಂದ್ಯ ತುಂಬಿಸುವುದು ಬೇರೆ. ಈ ಲೀಗ್‌ನಲ್ಲಿ ಖರ್ಚು ಹುಟ್ಟಬೇಕಾದರೆ ಸುಮಾರು 24 ಸಾವಿರ ಆಸನದ ಕಾಯಂ ಮೈದಾನ ಬೇಕು ಎಂಬುದು ಅಂದಾಜು. ಹ್ಯಾಮಿಲ್ಟನ್, ಆಟವಾ ಎರಡೂ ಅದೇ ಅಳತೆಗೆ ಕಟ್ಟಿದ್ದು.

ಕಟ್ಟಲು ಎಷ್ಟಾಗುತ್ತದೆ ಅಂದರೆ, 2017ರಲ್ಲಿ ತೆರೆದ ರೆಜೈನಾದ ಮೊಸೈಕ್ ಸ್ಟೇಡಿಯಂಗೆ 27.8 ಕೋಟಿ ಡಾಲರ್ ಬಿತ್ತು. ವರ್ಷಕ್ಕೆ ಒಂಬತ್ತು ಮುಖ್ಯ ಪಂದ್ಯ ಆಡುವ ಬಾಡಿಗೆದಾರನನ್ನು ನಂಬಿ ಅಷ್ಟು ದುಡ್ಡನ್ನು ಯಾವ ಖಾಸಗಿಯವರೂ ಹಾಕುವುದಿಲ್ಲ. ಪ್ರಾಂತ್ಯ ಸರ್ಕಾರ, ನಗರಸಭೆ, ಕ್ಲಬ್ ಮೂವರೂ ಕೈಜೋಡಿಸಿದರೇ ಆಗುವುದು. ಹ್ಯಾಲಿಫ್ಯಾಕ್ಸ್ ನಗರಸಭೆ 2019ರ ಡಿಸೆಂಬರ್‌ನಲ್ಲಿ 2 ಕೋಟಿ ಡಾಲರ್‌ವರೆಗೆ ಒಂದೇ ಸಲದ ನೆರವಿಗೆ ಒಲವು ತೋರಿಸಿತ್ತು. ಉಳಿದ ದೊಡ್ಡ ಪಾಲು ಎಲ್ಲಿಂದ ಬರಬೇಕೆಂದು ತೀರ್ಮಾನ ಆಗುವ ಮೊದಲೇ ಕೋವಿಡ್ ಬಂತು. 1982ರಲ್ಲೂ ಇದೇ ಕಥೆ. ಅಟ್ಲಾಂಟಿಕ್ ಸ್ಕೂನರ್ಸ್ ಎಂಬ ಹೆಸರಿಟ್ಟು, ಮೈದಾನ ಕಟ್ಟಬೇಕೆಂಬ ಷರತ್ತಿನ ಮೇಲೆ 1984ರಿಂದ ಆಡಲು ಫ್ರಾಂಚೈಸಿ ಕೊಟ್ಟರು. ಮೈದಾನ ಆಗಲಿಲ್ಲ, ತಂಡವೂ ಆಗಲಿಲ್ಲ.

ಮೈದಾನ ಸಿಕ್ಕರೂ ಸಮಯ ಹಿಡಿಯುತ್ತದೆ. ಆಟವಾಗೆ ಷರತ್ತಿನ ಫ್ರಾಂಚೈಸಿ ಸಿಕ್ಕಿದ್ದು 2008ರಲ್ಲಿ, ಆ ತಂಡ, ರೆಡ್‌ಬ್ಲ್ಯಾಕ್ಸ್, ಮೊದಲ ಪಂದ್ಯ ಆಡಿದ್ದು 2014ರಲ್ಲಿ. ಹ್ಯಾಮಿಲ್ಟನ್ ತನ್ನ ಹಳೆಯ ಜಾಗದಲ್ಲೇ ಹೊಸದನ್ನು ಕಟ್ಟುವಾಗ 2013ರ ಋತುವಿನ ತವರು ಪಂದ್ಯಗಳನ್ನು ಬಹುಪಾಲು ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಆಡಿತು. ಕಾಮಗಾರಿ ತಡವಾಗಿ 2014ರ ಮೊದಲ ಕೆಲವು ಪಂದ್ಯ ಮತ್ತೊಂದು ವಿಶ್ವವಿದ್ಯಾಲಯಕ್ಕೆ ಹೋದವು, ಹೊಸ ಬಾಗಿಲು ತೆರೆದದ್ದು ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ಹೊತ್ತಿಗೆ. ಹೀಗಾಗಿ "ಮುಂದಿನ ವರ್ಷ ಹತ್ತನೇ ತಂಡ" ಎಂಬ ಸುದ್ದಿ ಬಂದರೆ ಮೊದಲು ಕೇಳಬೇಕಾದ್ದು, ಅಡಿಪಾಯ ಅಗೆದಿದ್ದಾರಾ ಅಂತ.

ಪ್ರೇರಿಗಾಳಿ:

ಲೆಕ್ಕ ಸರಿಯಾಗಿದೆ, ಆದರೆ ನನ್ನ ಅಭಿಪ್ರಾಯ ಬೇರೆ. ಹತ್ತನೇ ತಂಡವನ್ನೇ ಬೆಳವಣಿಗೆ ಅಂತ ಹಿಡಿದು ಕೂತರೆ ಇರುವ ಒಂಬತ್ತರಲ್ಲಿ ಖಾಲಿ ಬಿದ್ದಿರುವ ಆಸನಗಳು ಕಣ್ಣಿಗೆ ಬೀಳುವುದಿಲ್ಲ.

ಈ ಲೀಗ್ ಬದುಕಿರುವುದು ಗೇಟ್ ಹಣದ ಮೇಲೆ. ಒಂಬತ್ತು ತವರು ಪಂದ್ಯ, 24 ಸಾವಿರ ಆಸನ, ಎಲ್ಲ ತುಂಬಿದರೂ ವರ್ಷಕ್ಕೆ 2.16 ಲಕ್ಷ ಟಿಕೆಟ್. ಐಸ್ ಹಾಕಿ ತಂಡಕ್ಕೆ 40ಕ್ಕೂ ಹೆಚ್ಚು ತವರು ಪಂದ್ಯ, 18 ಸಾವಿರ ಆಸನ, ಏಳು ಲಕ್ಷ ದಾಟುತ್ತದೆ. ಅಂದಮೇಲೆ ಫುಟ್‌ಬಾಲ್‌ನಲ್ಲಿ ಒಂದೇ ಒಂದು ಪಂದ್ಯ ಮಳೆಗೆ ಹಾಳಾದರೂ ವರ್ಷದ ಒಂಬತ್ತನೇ ಒಂದು ಭಾಗ ಹೋಯಿತು. 2020ರಲ್ಲಿ ಇದು ನಿಚ್ಚಳವಾಗಿ ಕಂಡಿತು. ಪ್ರೇಕ್ಷಕರಿಲ್ಲದೆ ಆಡುವ ಯೋಗ್ಯತೆಯೇ ಲೀಗ್‌ಗೆ ಇರಲಿಲ್ಲ. ಮೊದಲು 15 ಕೋಟಿ ಡಾಲರ್‌ವರೆಗಿನ ನೆರವು ಕೇಳಿದರು, ಆಮೇಲೆ 3 ಕೋಟಿಯ ಸಾಲ ಕೇಳಿದರು, ಎರಡೂ ಸಿಗದೆ ಇಡೀ ಋತುವನ್ನೇ ರದ್ದು ಮಾಡಿದರು. ಎನ್‌ಎಫ್‌ಎಲ್ ಖಾಲಿ ಸ್ಟೇಡಿಯಂನಲ್ಲಿ ಆಡಿತು, ಯಾಕೆಂದರೆ ಅವರ ಸಂಬಳ ಕೊಡುವುದು ಟಿವಿ.

ಹಾಗಾಗಿ ಬೆಳವಣಿಗೆಯ ನಿಜವಾದ ಜಾಗ ಟೊರಾಂಟೊ, ಮಾಂಟ್ರಿಯಲ್, ವ್ಯಾಂಕೂವರ್. ದೇಶದ ಮೂರು ದೊಡ್ಡ ನಗರಗಳು, ಲೀಗ್‌ಗೆ ಬಹಳ ಕಾಲದಿಂದ ತಲೆನೋವಾದ ಮೂರು ಊರುಗಳೂ ಅವೇ. ರೆಜೈನಾದಂಥ ಪುಟ್ಟ ಊರು 33 ಸಾವಿರದ ಮೈದಾನ ಕಟ್ಟಿಕೊಂಡಿದೆ. ಟೊರಾಂಟೊದಲ್ಲಿ ಆರ್ಗೊನಾಟ್ಸ್ 2022 ಮತ್ತು 2024ರಲ್ಲಿ ಗ್ರೇ ಕಪ್ ಗೆದ್ದ ಮೇಲೂ ಅವರ ಮೈದಾನ ಬಿಎಂಒ ಫೀಲ್ಡ್‌ನ ಆಸನಗಳು ತುಂಬುವುದಿಲ್ಲ. ಗೆದ್ದರೆ ಜನ ಬರುತ್ತಾರೆ ಎಂಬ ಮಾತು ಅಲ್ಲಿ ನಡೆಯಲಿಲ್ಲ.

ಏನು ಮಾಡಬಹುದು ಎಂಬುದಕ್ಕೆ ಮಾಂಟ್ರಿಯಲ್‌ನ 1997 ಒಳ್ಳೆಯ ಪಾಠ. ಅಲೂಯೆಟ್ಸ್ ಆಡುತ್ತಿದ್ದದ್ದು ಒಲಿಂಪಿಕ್ ಸ್ಟೇಡಿಯಂನಲ್ಲಿ. ದೈತ್ಯ ಕಾಂಕ್ರೀಟ್ ಬಟ್ಟಲು, ಅದರಲ್ಲಿ ಚದುರಿದ ಜನ. ಆ ವರ್ಷ ಪ್ಲೇಆಫ್ ದಿನಕ್ಕೆ ಅಲ್ಲಿ ಯು2 ಸಂಗೀತ ಕಛೇರಿ ಮೊದಲೇ ಗೊತ್ತಾಗಿತ್ತು, ಪಂದ್ಯವನ್ನು ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ಮೊಲ್ಸನ್ ಸ್ಟೇಡಿಯಂಗೆ ಒಯ್ಯಬೇಕಾಯಿತು. ಆ ಪುಟ್ಟ ಮೈದಾನ ಕಿಕ್ಕಿರಿಯಿತು. 1998ರಿಂದ ತಂಡ ಅಲ್ಲೇ ನೆಲೆಸಿತು, ವರ್ಷಗಟ್ಟಲೆ ಟಿಕೆಟ್ ಖಾಲಿಯಾಗುತ್ತಿದ್ದವು, 2010ರಲ್ಲಿ ಆಸನವನ್ನು 25 ಸಾವಿರಕ್ಕೆ ಏರಿಸಿದರು. ಆಸನ ಕಡಿಮೆ ಇದ್ದರೆ "ಈಗಲೇ ಕೊಳ್ಳದಿದ್ದರೆ ಸಿಗುವುದಿಲ್ಲ" ಅನ್ನುವ ಭಯ ಹುಟ್ಟುತ್ತದೆ. ಸೀಸನ್ ಟಿಕೆಟ್ ಮಾರುವುದು ಆ ಭಯವೇ. 55 ಸಾವಿರದ ಎಡ್ಮಂಟನ್ ಕಾಮನ್‌ವೆಲ್ತ್ ಸ್ಟೇಡಿಯಂನಲ್ಲಿ 20 ಸಾವಿರ ಜನ ಬಂದರೂ ಟಿವಿಯಲ್ಲಿ ಖಾಲಿ ಕಾಣುತ್ತದೆ, ಮಳೆ ಬಂದರೆ ಬಾಗಿಲಲ್ಲೇ ಟಿಕೆಟ್ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತು.

ವ್ಯಾಂಕೂವರ್‌ನಲ್ಲಿ ಅಮರ್ ದೋಮನ್ 2021ರಲ್ಲಿ ಲಯನ್ಸ್ ಕೊಂಡ ಮೇಲೆ ಬೇರೆ ದಾರಿ ಹಿಡಿದರು. ಮೊದಲ ತವರು ಪಂದ್ಯಕ್ಕೆ ದೊಡ್ಡ ಸಂಗೀತಗಾರರನ್ನು ಕರೆಸುವುದು. 2024ರಲ್ಲಿ ರ‍್ಯಾಪ್ ಗಾಯಕ 50 ಸೆಂಟ್ ಬಂದಾಗ ಬಿಸಿ ಪ್ಲೇಸ್ ಸ್ಟೇಡಿಯಂನಲ್ಲಿ 53 ಸಾವಿರಕ್ಕೂ ಹೆಚ್ಚು ಜನ ಇದ್ದರು. ಮುಂದಿನ ಸಾಧಾರಣ ಪಂದ್ಯಕ್ಕೆ ಆ ಸಂಖ್ಯೆ ಹತ್ತಿರವೂ ಸುಳಿಯುವುದಿಲ್ಲ, ನಿಜ. ಆದರೆ ಒಂದು ಸಲವೂ ಫುಟ್‌ಬಾಲ್ ನೋಡದ ಸಾವಿರಾರು ಮಂದಿಯ ಹೆಸರು, ಇಮೇಲ್ ಕ್ಲಬ್ಬಿನ ಕೈಗೆ ಬರುತ್ತದೆ. ಅವರಿಗೆ ಎರಡನೇ, ಮೂರನೇ ಪಂದ್ಯದ ಟಿಕೆಟ್ ಮಾರಲು ಆಗುತ್ತದೋ ಇಲ್ಲವೋ ಎಂಬುದರ ಮೇಲೆ ಈ ಪ್ರಯೋಗ ನಿಂತಿದೆ.

ಅಂಚುಗೆರೆ:

ಇಬ್ಬರಿಗೂ ಧನ್ಯವಾದ. ನಿಯಮ ಬದಲಾವಣೆಯ ವಿಷಯ ಯಾರೂ ಮುಟ್ಟಲಿಲ್ಲ. ಮೈದಾನ ಚಿಕ್ಕದಾದರೆ ಇದು ಅಮೆರಿಕನ್ ಆಟವೇ ಆಗಿಬಿಡುತ್ತದೆ ಎಂದು ಹಳೆಯ ಅಭಿಮಾನಿಗಳು ಕೋಪದಲ್ಲಿದ್ದಾರೆ. ಅಷ್ಟು ದೊಡ್ಡ ಬದಲಾವಣೆಯೇ?

ಗೋಲುಕಂಬ:

ದೊಡ್ಡದೇ. ಆದರೆ ಕೋಪ ಹೆಚ್ಚಾಗಿ ತಪ್ಪು ಜಾಗದ ಮೇಲೆ ಹೋಗುತ್ತಿದೆ.

2025ರ ಸೆಪ್ಟೆಂಬರ್‌ನಲ್ಲಿ ಕಮಿಷನರ್ ಸ್ಟುವರ್ಟ್ ಜಾನ್‌ಸ್ಟನ್ ಎರಡು ಹಂತದ ಬದಲಾವಣೆ ಘೋಷಿಸಿದರು. 2026ಕ್ಕೆ ಬಂದವು ಮೂರು. ಹಿಂದೆ ರೆಫರಿ ಸೀಟಿ ಊದಿದ ಮೇಲೆ 20 ಸೆಕೆಂಡಿನ ಗಡಿಯಾರ ಓಡುತ್ತಿತ್ತು. ರೆಫರಿ ನಿಧಾನ ಮಾಡಿದರೆ ಆಟವೂ ನಿಧಾನ. ಈಗ ಚೆಂಡು ಸತ್ತ ಕ್ಷಣದಿಂದ ತಾನಾಗಿಯೇ 35 ಸೆಕೆಂಡು. ಎರಡನೆಯದು, ಎರಡು ತಂಡಗಳ ಬೆಂಚು ಎದುರು ಬದುರು ದಡದಲ್ಲಿ, ಆಟಗಾರರ ಬದಲಾವಣೆ ಬೇಗ ಆಗಲಿ ಎಂದು. ಮೂರನೆಯದು ರೂಜ್. ಪಂಟ್ (ಚೆಂಡನ್ನು ಎದುರಾಳಿಯ ಕಡೆಗೆ ದೂರ ಒದ್ದು ಬಿಟ್ಟುಕೊಡುವುದು) ಅಥವಾ ತಪ್ಪಿದ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದೆಯುವ ಗೋಲು) ಎಂಡ್ ಝೋನ್, ಅಂದರೆ ಗೋಲ್ ಲೈನ್ ಆಚೆಯ ತುದಿಯ ಜಾಗ, ದಾಟಿ ಹಿಂದಿನಿಂದಲೋ ಪಕ್ಕದಿಂದಲೋ ಹೊರಗೆ ಹೋದರೆ ಸಿಗುತ್ತಿದ್ದ ಆ ಒಂದು ಅಂಕ ಇನ್ನಿಲ್ಲ. ಎಂಡ್ ಝೋನ್‌ನಲ್ಲಿ ಚೆಂಡು ಹಿಡಿದವನು ಅದನ್ನು ಹೊರಗೆ ತರಲಾಗದೆ ಹೋದರೆ ಅಥವಾ ಮಂಡಿಯೂರಿದರೆ ಮಾತ್ರ ಅಂಕ. ನನಗೆ ಇದು ಸರಿಯೇ ಅನ್ನಿಸುತ್ತದೆ. ಗೋಲು ತಪ್ಪಿಸಿ ಪಂದ್ಯ ಗೆಲ್ಲುವುದನ್ನು ಹೊಸ ಪ್ರೇಕ್ಷಕನಿಗೆ ವಿವರಿಸಿ ಒಪ್ಪಿಸುವುದು ಬಹಳ ಕಷ್ಟ.

2027ರದ್ದು ಅಳತೆ. ಗೋಲ್ ಲೈನ್‌ನಿಂದ ಗೋಲ್ ಲೈನ್‌ಗೆ 110 ಗಜ ಇದ್ದದ್ದು 100 ಆಗುತ್ತದೆ. ಎಂಡ್ ಝೋನ್ 20 ಗಜದಿಂದ 15ಕ್ಕೆ ಇಳಿಯುತ್ತದೆ. ಗೋಲ್ ಲೈನ್ ಮೇಲೇ ನೆಟ್ಟಿದ್ದ ಕಂಬ ಎಂಡ್ ಝೋನ್‌ನ ಹಿಂಬದಿಗೆ ಹೋಗುತ್ತದೆ. ಅಗಲ 65 ಗಜ ಹಾಗೇ, 12 ಆಟಗಾರರು ಹಾಗೇ, ಮೂರು ಡೌನ್ (ಹತ್ತು ಗಜ ಮುಂದೆ ಸಾಗಲು ಸಿಗುವ ಅವಕಾಶ) ಹಾಗೇ, ಸ್ನ್ಯಾಪ್‌ಗೆ (ಚೆಂಡು ಆಟಕ್ಕೆ ಬರುವ ಕ್ಷಣ) ಮೊದಲು ಪಾಸ್ ಹಿಡಿಯುವ ರಿಸೀವರ್‌ಗಳು ಓಡಿಬರುವುದೂ ಹಾಗೇ. ಕೆನಡಾದ ಆಟವನ್ನು ಬೇರೆ ಮಾಡುವುದು ಮುಖ್ಯವಾಗಿ ಈ ನಾಲ್ಕು. ಮೂರೇ ಡೌನ್ ಇರುವುದರಿಂದ ಮೊದಲ ಎರಡರಲ್ಲಿ ಹತ್ತು ಗಜ ಬರಲೇಬೇಕು, ಹಾಗಾಗಿ ಪಾಸ್ ಹೆಚ್ಚು.

ಆಟದ ಮೇಲೆ ಹೆಚ್ಚು ಪರಿಣಾಮ ಬೀರುವುದು ಕಂಬದ ಸ್ಥಳ. ಲೆಕ್ಕ ಹಾಕಿ ನೋಡಿ. ಚೆಂಡು ಎದುರಾಳಿಯ 35 ಗಜದ ಗೆರೆಯಲ್ಲಿದೆ ಅಂದುಕೊಳ್ಳಿ. ಒದೆಯಲು ಚೆಂಡನ್ನು ಹಿಡಿದುಕೊಡುವ ಹೋಲ್ಡರ್ ಏಳು ಗಜ ಹಿಂದೆ ಕೂರುತ್ತಾನೆ. ಹಳೆಯ ಕಂಬಕ್ಕೆ 42 ಗಜದ ಕಿಕ್, ವೃತ್ತಿಪರ ಕಿಕ್ಕರ್‌ಗೆ ದಿನನಿತ್ಯದ ಕೆಲಸ. ಹೊಸ ಕಂಬಕ್ಕೆ ಅದೇ ಜಾಗದಿಂದ 57 ಗಜ, ಗಾಳಿ ಬೀಸುವ ಅಕ್ಟೋಬರ್‌ನಲ್ಲಿ ಜೂಜು. ಅಲ್ಲಿ ಮೂರನೇ ಡೌನ್‌ನಲ್ಲಿ ಎರಡು ಗಜ ಬೇಕಿದ್ದರೆ ಕೋಚ್ ಮೂರು ಅಂಕಕ್ಕೆ ಒದೆಸುವುದಿಲ್ಲ, ಆಡಿಸಿ ನೋಡುತ್ತಾನೆ ಇಲ್ಲವೇ ಪಂಟ್ ಮಾಡಿಸುತ್ತಾನೆ. ಲೀಗ್‌ನ ಅಂದಾಜು ಋತುವಿಗೆ ಸುಮಾರು 60 ಟಚ್‌ಡೌನ್ (ಚೆಂಡನ್ನು ಎಂಡ್ ಝೋನ್‌ಗೆ ಮುಟ್ಟಿಸಿ ಅಂಕ ಗಳಿಸುವುದು) ಹೆಚ್ಚು. 81 ಪಂದ್ಯಕ್ಕೆ ಹಂಚಿದರೆ ಪಂದ್ಯಕ್ಕೊಂದೂ ಇಲ್ಲ, ಆದರೂ ಕಣ್ಣಿಗೆ ಕಾಣುವಷ್ಟು.

ಇನ್ನೊಂದು ಪ್ರಯೋಜನ. ಗೋಲ್ ಲೈನ್ ಮೇಲೆ ಕಂಬ ಇದ್ದರೆ ಐದು ಗಜದೊಳಗಿನ ಆಟದಲ್ಲಿ ಮಧ್ಯಕ್ಕೆ ಎಸೆಯುವ ಪಾಸ್ ಕಂಬಕ್ಕೇ ಬಡಿಯಬಹುದು, ರಿಸೀವರ್ ಕಂಬವನ್ನು ಬಳಸಿ ಓಡಬೇಕು. ಅದು ತೆರವಾಗುತ್ತದೆ. ಕಳೆದುಕೊಳ್ಳುವುದೂ ಇದೆ. ಎಂಡ್ ಝೋನ್ 1,300 ಚದರ ಗಜದಿಂದ 975ಕ್ಕೆ ಇಳಿಯುತ್ತದೆ. ಅಮೆರಿಕದ್ದು ಸುಮಾರು 533, ಹಾಗಾಗಿ ಈಗಲೂ ನಮ್ಮದೇ ದೊಡ್ಡದು, ಆದರೆ ಆಳಕ್ಕೆ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಆ ಐದು ಗಜದ ನಷ್ಟ ತಿಳಿಯುತ್ತದೆ. ಲಯನ್ಸ್‌ನ ನೇಥನ್ ರೂರ್ಕ್ ಘೋಷಣೆಯ ಬೆನ್ನಲ್ಲೇ ಬಹಿರಂಗವಾಗಿ ವಿರೋಧಿಸಿದರು. ಅದೇ ವರ್ಷ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಕೆನಡಾದ ಹುಡುಗ ಅವರು. 1969ರಲ್ಲಿ ರಸ್ ಜಾಕ್ಸನ್ ನಂತರ ಆ ಪ್ರಶಸ್ತಿ ಮತ್ತೊಬ್ಬ ಕೆನಡಿಯನ್ ಕ್ವಾರ್ಟರ್‌ಬ್ಯಾಕ್‌ಗೆ ಸಿಕ್ಕಿರಲಿಲ್ಲ. ಅಂಥವರ ಮಾತನ್ನು ಲೀಗ್ ಹಗುರವಾಗಿ ತಗೊಳ್ಳಬಾರದು. ಘೋಷಣೆಗೆ ಮೊದಲೇ ಆಟಗಾರರೊಂದಿಗೆ ಸರಿಯಾಗಿ ಕೂತು ಮಾತಾಡಬೇಕಿತ್ತು ಎಂಬ ದೂರಿನಲ್ಲಿ ಹುರುಳಿದೆ.

ಮೂರನೇಡೌನ್:

ಗೋಲುಕಂಬ ಅವರ ಅಳತೆಗಳನ್ನೇ ಇಟ್ಟುಕೊಂಡು ನನ್ನ ಮೈದಾನದ ಮಾತಿಗೆ ಸೇರಿಸುತ್ತೇನೆ, ಯಾಕೆಂದರೆ ಇವೆರಡೂ ಒಂದೇ ವಿಷಯ.

ಎಂಡ್ ಝೋನ್ ಸೇರಿ ಇಲ್ಲಿಯವರೆಗಿನ ಒಟ್ಟು ಉದ್ದ 150 ಗಜ, ಅಂದರೆ 137 ಮೀಟರ್. ಸಾಕರ್ ಮೈದಾನ 105 ಮೀಟರ್. ಸಾಕರ್‌ಗೆಂದು ಕಟ್ಟಿದ ಜಾಗದಲ್ಲಿ ಕೆನಡಿಯನ್ ಫುಟ್‌ಬಾಲ್ ಆಡಿಸಬೇಕಾದರೆ ಎರಡೂ ತುದಿಯ ಸ್ಟ್ಯಾಂಡ್‌ಗಳನ್ನು 16 ಮೀಟರ್ ಹಿಂದಕ್ಕೆ ತಳ್ಳಬೇಕು. ತಳ್ಳಿದರೆ ಸಾಕರ್ ಪ್ರೇಕ್ಷಕ ಗೋಲಿನಿಂದ ದೂರ ಕೂರುತ್ತಾನೆ. 2016ರಲ್ಲಿ ಆರ್ಗೊನಾಟ್ಸ್ ಬಿಎಂಒ ಫೀಲ್ಡ್‌ಗೆ ಬಂದಾಗ ಇದೇ ಜಗಳ. ಅಲ್ಲಿ ಎಂಡ್ ಝೋನ್ 20 ಗಜ ಹಿಡಿಸದೆ 18ಕ್ಕೆ ನಿಲ್ಲಿಸಬೇಕಾಯಿತು. 2027ರಿಂದ ಒಟ್ಟು ಉದ್ದ 130 ಗಜ, 119 ಮೀಟರ್. ಹೆಚ್ಚುವರಿ ಜಾಗ ಪ್ರತಿ ತುದಿಗೆ ಏಳು ಮೀಟರ್ ಸಾಕು. ಅಗಲ 59 ಮೀಟರ್, ಸಾಕರ್‌ನ 68ರ ಒಳಗೇ ಕೂರುತ್ತದೆ. ಹೊಸ ಊರಿನಲ್ಲಿ ಒಂದೇ ಮೈದಾನಕ್ಕೆ ಸಾಕರ್ ತಂಡ, ಫುಟ್‌ಬಾಲ್ ತಂಡ ಎರಡೂ ಬಾಡಿಗೆ ಕಟ್ಟುವುದಾದರೆ ನಗರಸಭೆಯ ಮುಂದೆ ಇಡುವ ಲೆಕ್ಕ ಪೂರ್ತಿ ಬದಲಾಗುತ್ತದೆ. ಲೀಗ್ ಟಚ್‌ಡೌನ್ ಎಂದು ಹೇಳಿದರೂ, ಹತ್ತನೇ ತಂಡದ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಾಣುವುದು ಈ 18 ಮೀಟರ್. ಕ್ವಿಬೆಕ್ ನಗರದಲ್ಲಿ ಲಾವಲ್ ವಿಶ್ವವಿದ್ಯಾಲಯದ ರೂಜ್ ಎ ಓರ್ ತಂಡಕ್ಕೆ ಕಾಲೇಜು ಮಟ್ಟದಲ್ಲೇ ಸಾವಿರಾರು ಜನ ಸೇರುತ್ತಾರೆ. ಅಲ್ಲಿಗೂ ಇದೇ ಲೆಕ್ಕ.

ಲೆಕ್ಕದಪುಸ್ತಕ:

ಅಮೆರಿಕಕ್ಕೆ ಮತ್ತೆ ಹೋಗಬಾರದೇಕೆ ಎಂದು ಯಾರಾದರೂ ಕೇಳುವ ಮೊದಲೇ ಎರಡು ಮಾತು. 1993ರಲ್ಲಿ ಸ್ಯಾಕ್ರಮೆಂಟೊದಿಂದ ಶುರು, 1995ಕ್ಕೆ ಐದು ತಂಡ: ಬಾಲ್ಟಿಮೋರ್, ಬರ್ಮಿಂಗ್‌ಹ್ಯಾಮ್, ಮೆಂಫಿಸ್, ಸ್ಯಾನ್ ಆಂಟೋನಿಯೊ, ಶ್ರೀವ್‌ಪೋರ್ಟ್. ಲಾಸ್ ವೇಗಸ್ ಒಂದೇ ವರ್ಷಕ್ಕೆ ಮುಗಿಯಿತು, ಅದರ ಕೊನೆಯ ತವರು ಪಂದ್ಯ ಎಡ್ಮಂಟನ್‌ನಲ್ಲಿ ನಡೆಯಿತು. ಮೆಂಫಿಸ್‌ನ ಮೈದಾನದಲ್ಲಿ ಪೂರ್ತಿ ಎಂಡ್ ಝೋನ್ ಹಿಡಿಸಲೇ ಇಲ್ಲ, ಮೂಲೆ ಕತ್ತರಿಸಿ ಆಡಿದರು. ಬರ್ಮಿಂಗ್‌ಹ್ಯಾಮ್‌ಗೆ ಬೇಸಿಗೆಯಲ್ಲಿ ಬಂದ ಜನ ಸೆಪ್ಟೆಂಬರ್‌ನಲ್ಲಿ ಅಲಬಾಮಾ, ಆಬರ್ನ್ ಕಾಲೇಜು ಪಂದ್ಯ ಶುರುವಾದ ಕೂಡಲೇ ಮಾಯ. ಕೆನಡಾದ ಆಟಗಾರರನ್ನು ಇಂತಿಷ್ಟು ಇಟ್ಟುಕೊಳ್ಳಬೇಕೆಂಬ ನಿಯಮವನ್ನು ಅಮೆರಿಕದ ಕಾರ್ಮಿಕ ಕಾನೂನಿನಿಂದಾಗಿ ಅಲ್ಲಿ ಹೇರಲು ಆಗಲಿಲ್ಲ, ಪೈಪೋಟಿಯೇ ಅಸಮ ಆಯಿತು. ಬಾಲ್ಟಿಮೋರ್ ಒಂದೇ ಎಲ್ಲ ರೀತಿಯಿಂದ ಗೆದ್ದದ್ದು, 1995ರ ಗ್ರೇ ಕಪ್ ಸಹ. ಅದೇ ನವೆಂಬರ್‌ನಲ್ಲಿ ಎನ್‌ಎಫ್‌ಎಲ್‌ನ ಕ್ಲೀವ್‌ಲ್ಯಾಂಡ್ ತಂಡ ಬಾಲ್ಟಿಮೋರ್‌ಗೆ ಬರುವುದಾಗಿ ಹೇಳಿತು, 1996ರಲ್ಲಿ ಈ ತಂಡ ಮಾಂಟ್ರಿಯಲ್‌ಗೆ ಹೊರಟುಬಂತು. 2021ರಲ್ಲಿ ಅಮೆರಿಕದ ಎಕ್ಸ್‌ಎಫ್‌ಎಲ್ ಲೀಗ್ ಜೊತೆ ನಡೆದ ಮಾತುಕತೆಯೂ ನಾಲ್ಕೇ ತಿಂಗಳಲ್ಲಿ ನಿಂತಿತು.

ಟಿವಿ ಬಗ್ಗೆ: 2008ರಿಂದ ಇಂಗ್ಲಿಷ್ ಪ್ರಸಾರ ಟಿಎಸ್‌ಎನ್ ಒಂದರದ್ದೇ. ಬರುವ ಹಣ ಖಚಿತ, ಆದರೆ ಕೇಬಲ್ ಇಲ್ಲದ ಮನೆಗೆ ಆಟ ಹೋಗುತ್ತಿರಲಿಲ್ಲ. 2024ರಲ್ಲಿ ಕೆಲವು ಶನಿವಾರದ ಪಂದ್ಯಗಳನ್ನು ಕೇಬಲ್ ಇಲ್ಲದೆಯೂ ಸಿಗುವ ಸಿಟಿವಿ ಚಾನೆಲ್‌ಗೆ ತಂದದ್ದು ಒಳ್ಳೆಯ ಹೆಜ್ಜೆ. ಇಲ್ಲೊಂದು ತೊಡಕನ್ನು ಗಮನಿಸಿ. ಟಿಎಸ್‌ಎನ್ ಬೆಲ್ ಕಂಪನಿಯದು. 2025ರಲ್ಲಿ ಬೆಲ್ ಆರ್ಗೊನಾಟ್ಸ್ ಒಡೆತನದಲ್ಲಿದ್ದ ತನ್ನ ಪಾಲನ್ನು ರಾಜರ್ಸ್ ಕಂಪನಿಗೆ ಮಾರಿದ ಮೇಲೆ ಆರ್ಗೊನಾಟ್ಸ್ ಒಡೆತನದ ದೊಡ್ಡ ಭಾಗ ರಾಜರ್ಸ್‌ನದು, ಅವರ ಬಳಿ ಪ್ರತಿಸ್ಪರ್ಧಿ ಕ್ರೀಡಾ ಚಾನೆಲ್ ಇದೆ. ದೇಶದ ಅತಿ ದೊಡ್ಡ ಊರಿನ ತಂಡವನ್ನು ಪ್ರಚಾರ ಮಾಡುವ ಆಸಕ್ತಿ ಯಾರಿಗೆ ಎಷ್ಟು ಎಂಬುದು ಇನ್ನು ಮುಂದೆ ಬರೀ ಆಟದ ಪ್ರಶ್ನೆಯಲ್ಲ.

ಅಂಚುಗೆರೆ:

ಕೊನೆಯದೊಂದು. ಹತ್ತನೇ ತಂಡ ಬಂದೇಬಿಟ್ಟರೆ ಆಟಗಾರರು ಸಾಕಾಗುತ್ತಾರಾ? ಕೆನಡಾದವರ ಮೀಸಲು ಇದೆಯಲ್ಲ.

ಲೆಕ್ಕದಪುಸ್ತಕ:

ಸಾಕಾಗುತ್ತಾರೆ, ಆದರೆ ಒಂದು ಜಾಗದಲ್ಲಿ ಬಿಗಿಯಾಗುತ್ತದೆ. 24 ಆರಂಭಿಕ ಸ್ಥಾನಗಳಲ್ಲಿ ಕನಿಷ್ಠ ಏಳು ಕೆನಡಿಯನ್ನರು ಬೇಕು, ಪಟ್ಟಿಯಲ್ಲಿ ಸುಮಾರು 20 ಮಂದಿ. ಕೋಚ್‌ಗಳು ಆ ಏಳರಲ್ಲಿ ಮೂರು ನಾಲ್ಕನ್ನು ಎದುರಾಳಿಗಳನ್ನು ತಡೆದು ನಿಲ್ಲಿಸುವ ಅಫೆನ್ಸಿವ್ ಲೈನ್‌ನಲ್ಲಿ ತುಂಬುವುದು ರೂಢಿ. ಅಲ್ಲಿ ದೇಹ ಮತ್ತು ತಾಲೀಮು ಮುಖ್ಯ, ಕೆನಡಾದ ಹುಡುಗರು ಅಮೆರಿಕದವರಿಗೆ ಸರಿಸಮ ನಿಲ್ಲುತ್ತಾರೆ. ಹೊಸ ತಂಡ ಬಂದರೆ ಒಳ್ಳೆಯ ಕೆನಡಿಯನ್ ಲೈನ್‌ಮನ್‌ಗಳ ಬೆಲೆ ಏರುತ್ತದೆ, ಅವರನ್ನು ಕೊಂಡ ಹಣ ಬೇರೆ ಕಡೆ ಕಡಿತವಾಗುತ್ತದೆ. 2025ರಲ್ಲಿ ತಂಡವೊಂದರ ಸ್ಯಾಲರಿ ಕ್ಯಾಪ್ (ಆಟಗಾರರ ಒಟ್ಟು ಸಂಬಳದ ಮಿತಿ) 60 ಲಕ್ಷ ಡಾಲರ್ ದಾಟಿತು, ಎನ್‌ಎಫ್‌ಎಲ್‌ನಲ್ಲಿ ಅದೇ ವರ್ಷ 27.92 ಕೋಟಿ, ಅದೂ ಅಮೆರಿಕನ್ ಡಾಲರ್. ಈ ಅಂತರದಲ್ಲಿ ಒಬ್ಬ ಲೈನ್‌ಮನ್‌ಗೆ ಹೆಚ್ಚು ಕೊಟ್ಟರೆ ಎಲ್ಲಿ ಉಳಿಸಬೇಕು ಎಂಬುದು ಜನರಲ್ ಮ್ಯಾನೇಜರ್‌ನ ವರ್ಷಪೂರ್ತಿ ಕೆಲಸ.

ಆಟಗಾರರು ಬರುವುದು ಮುಖ್ಯವಾಗಿ ಕೆನಡಾದ ವಿಶ್ವವಿದ್ಯಾಲಯ ಕ್ರೀಡಾ ಸಂಸ್ಥೆ ಯು ಸ್ಪೋರ್ಟ್ಸ್‌ನ 27 ವಿಶ್ವವಿದ್ಯಾಲಯ ತಂಡಗಳಿಂದ ಮತ್ತು ಅಮೆರಿಕದ ಕಾಲೇಜಿಗೆ ಹೋದ ಕೆನಡಿಯನ್ನರಿಂದ. ಹ್ಯಾಲಿಫ್ಯಾಕ್ಸ್ ಸುತ್ತಮುತ್ತ ಸೇಂಟ್ ಮೇರೀಸ್, ಅಕೇಡಿಯಾ, ಸೇಂಟ್ ಫ್ರಾನ್ಸಿಸ್ ಝೇವಿಯರ್, ಮೌಂಟ್ ಆ್ಯಲಿಸನ್ ಈಗಾಗಲೇ ಒಂದೇ ವಿಭಾಗದಲ್ಲಿ ಆಡುತ್ತಿವೆ. ಅಲ್ಲಿನ ಹುಡುಗ ವೃತ್ತಿಪರ ಆಟಕ್ಕೆ ಸಾವಿರಾರು ಕಿಲೋಮೀಟರ್ ಹೋಗುವ ಬದಲು ಊರಲ್ಲೇ ಆಡುವಂತಾದರೆ, ಮೊದಲ ಐದು ವರ್ಷ ಟಿಕೆಟ್ ಕೊಳ್ಳುವವರು ಅವನ ಶಾಲೆಯ ಗೆಳೆಯರು, ಬಂಧುಗಳು.